ನಂಬರು ಬರೆದ ಬೋಕಿ

ಚಂದ್ರವಳ್ಳಿಯ ಕೆರೆಗೆ ಹೋಗುವ ತಿರುವಿನಲ್ಲಿ
ನನ್ನ ಅಂಗಡಿ. ಸೀಮೆಎಣ್ಣೆ ಹೋಗಿ ಗ್ಯಾಸು ಬಂತು,
ಸೋಸುವ ಬಟ್ಟೆ ಮಾತ್ರ ಅದೇ ಕಂದು.

ಚರಿತ್ರೆ ಮೇಷ್ಟ್ರು ಪಾಲಯ್ಯ ಸಾಲ ಬರೆಸುತ್ತ ಹೇಳುತ್ತಾರೆ:
ಚೀನಾದ ರಾಜನೊಬ್ಬ ಕಾಡಿನಲ್ಲಿ ನೀರು ಕಾಯಿಸಿದ್ದನಂತೆ,
ಗಾಳಿಗೆ ಎಲೆಯೊಂದು ಬಂದು ಬಿತ್ತಂತೆ.
ಅಲ್ಲ, ನಮ್ಮ ಕಡೆಯಿಂದ ಹೋದ ಸನ್ಯಾಸಿಯೊಬ್ಬ
ತೂಕಡಿಸಿದ ಸಿಟ್ಟಿಗೆ ರೆಪ್ಪೆ ಕತ್ತರಿಸಿ ಎಸೆದನಂತೆ,
ಬಿದ್ದಲ್ಲಿ ಗಿಡ ಎದ್ದಿತಂತೆ.
‘ಹಂಗಾರೆ ನಾನು ದಿನಾ ಕುದಿಸೋದು ರೆಪ್ಪೆನಾ ಮೇಷ್ಟ್ರೆ?’
ನಕ್ಕರು. ಇನ್ನೊಂದು ಚಾ ಬರೆಸಿದರು.

ಇದೇ ಮಣ್ಣಲ್ಲಿ ಚೀನಾದ ನಾಣ್ಯವೂ ಸಿಕ್ಕಿತ್ತಂತೆ,
ನಡುವೆ ಚೌಕದ ತೂತು.
ಅಷ್ಟು ದೂರದಿಂದ ನಾಣ್ಯ ಬಂದ ಮೇಲೆ
ಸಂಚಿಯ ಮೂಲೆಯಲ್ಲಿ ಒಂದು ಚಿಟಿಕೆ ಸೊಪ್ಪು ಬರಬಾರದಿತ್ತೆ?
ಬಂದಿದ್ದರೂ
ನಮ್ಮವರು ಮೇಕೆಗೆ ಹಾಕಿರುತ್ತಿದ್ದರು.

ಅದು ಬಂದದ್ದು ಟೆಂಟಿನ ಜೊತೆ.
ಅಗೆಸುವ ಸಾಹೇಬರು, ಅವರ ಟೋಪಿ, ಅಳತೆ ಪಟ್ಟಿ,
ಮದರಾಸಿನ ಬಟ್ಲರ್ ಅಂತೋಣಿ, ಅವನ ತಗಡಿನ ಡಬ್ಬಿ.
ಮುತ್ತಜ್ಜ ಮೈಲಾರಪ್ಪ ದಿನಕ್ಕೆ ಆರಾಣೆಗೆ
ಹಳೇ ಊರಿನ ಮಣ್ಣು ಹೊರುತ್ತಿದ್ದ.
ಒಂದು ಚಳಿಯ ಮುಂಜಾನೆ ಟೆಂಟಿನ ಹಿಂದೆ
ಆ ವಾಸನೆ: ಒಣಹುಲ್ಲು ನೆಂದಂತೆ,
ಬೆಲ್ಲ ಸೀದಂತೆ, ಎರಡೂ ಅಲ್ಲ.
‘ಕುಡೀತೀಯಾ?’ ಅಂದ ಅಂತೋಣಿ.
ಕುಡಿಯಬಹುದು. ಯಾವುದರಲ್ಲಿ?
ಪಿಂಗಾಣಿ ಬಟ್ಟಲು ಸಾಹೇಬರದು.
ತಂಬಿಗೆ ಮೇಸ್ತ್ರಿಯದು, ಕೇಳುವ ಹಾಗೇ ಇಲ್ಲ.
ಬೊಗಸೆಗೆ ಹುಯ್ದರೆ ಸುಡುತ್ತದೆ.

ಬುಟ್ಟಿಯಲ್ಲಿತ್ತು, ಆಗತಾನೆ ತೊಳೆದ ಗಡಿಗೆಯ ತಳ,
ಒಳಗೆ ಕಪ್ಪು, ಹೊರಗೆ ಕೆಂಪು, ಅಂಗೈಯಷ್ಟು ಆಳ.
ಎರಡು ಸಾವಿರ ವರ್ಷ ಮಣ್ಣು ತಿಂದದ್ದು
ಅವತ್ತು ಚಾ ಕುಡಿಯಿತು.
ಆಮೇಲೆ ಮುತ್ತಜ್ಜ.

ಸಾಹೇಬರು ಕೂಗಾಡಿದರು. ಮುಟ್ಟಿದ್ದಕ್ಕಲ್ಲ,
ಅದರ ಮೇಲೆ ನಂಬರು ಬರೆದಾಗಿತ್ತು.
ಸಾಯುವ ತನಕ ಹೇಳಿ ನಗುತ್ತಿದ್ದನಂತೆ:
‘ಜಾತಿ ಎತ್ತದೆ ನನ್ನ ಬೈದವನು ಅವನೊಬ್ಬನೇ.’

ಆ ರಾತ್ರಿ ನಿದ್ದೆ ಹತ್ತಿರ ಸುಳಿಯಲಿಲ್ಲ.
ಬಂಡೆಗಳ ಮೇಲಿನ ಚುಕ್ಕಿಗಳನ್ನು ಒಂದೊಂದಾಗಿ
ಬೆಳಗಿನವರೆಗೂ ಕಾದನಂತೆ.
ಸನ್ಯಾಸಿಯ ರೆಪ್ಪೆಯನ್ನು ನಾನು ನಂಬುವುದು ಅಷ್ಟಕ್ಕೇ.

ಒಮ್ಮೆ ಅಂಗಡಿ ಮುಚ್ಚಿ ಮ್ಯೂಸಿಯಮ್ಮಿಗೆ ಹೋಗಿದ್ದೆ.
ಗಾಜಿನ ಹಿಂದೆ ಬೋಕಿಗಳ ಸಾಲು,
ಎಲ್ಲದರ ಒಳಗೂ ಕಪ್ಪು, ಎಲ್ಲದಕ್ಕೂ ನಂಬರು.
ಎರಡು ಸುತ್ತು ಹಾಕಿದೆ, ಬಗ್ಗಿ ಬಗ್ಗಿ.
ಕಾವಲಿನವನು ಬಂದ:
‘ಏನು ಹುಡುಕ್ತೀರಮ್ಮ?’

‘ಲೋಟ’ ಅಂದೆ.