ಐದೇಶಿ ರಾತ್ರಿ

ಇವತ್ತಿಗೆ ಐದು ದಿನ.
ಊರಾಗಿದ್ರ ಕೂಸಿನ ತಲಿದೆಸಿಗೆ
ಒಂದು ಹಾಳಿ, ಒಂದು ಪೆನ್ನು ಇಟ್ಟು
ದೀಪ ಸಣ್ಣಗ ಮಾಡಿ ಮಲಗ್ತಿದ್ವಿ.
ಶೆಟಿಗೆವ್ವ ಬಂದು ಹಣಿಬಾರ ಬರದು ಹೋಗಾಕಿ,
ಯಾರೂ ನೋಡಬಾರದು.

ಇದು ಹುಬ್ಬಳ್ಳಿ. ದವಾಖಾನಿ ಮೂರನೇ ಅಂತಸ್ತು.
ಇಲ್ಲಿ ಟ್ಯೂಬ್‌ಲೈಟ್ ಆರಸಂಗಿಲ್ಲ.
ಕೂಸು ಒಳಗ ಗಾಜಿನ ಪೆಟ್ಟಿಗ್ಯಾಗ,
ನಾ ಹೊರಗ ಕಬ್ಬಿಣದ ಬೆಂಚಿನ ಮ್ಯಾಲ.
ಹಾಳಿ ಅವರ ಕೊಟ್ಟಾರ. ಬರದ ಕೊಟ್ಟಾರ.

ಅಕ್ಷರ ನನಗ ಬರಂಗಿಲ್ಲ. ಅಂಕಿ ಬರ್ತಾವ.
ಪೆಟ್ಟಿಗಿ ಬಾಡಿಗಿ ದಿನಕ್ಕ ನಾಕೂವರಿ ಸಾವಿರ,
ಪುಪ್ಪುಸ ಬಿಚ್ಚಾಕ ಬಿಟ್ಟ ಔಷಧ ಹದಿಮೂರು ಸಾವಿರ,
ಗಾಳಿಗೆ ಆರು
(ಗಾಳಿಗೂ ರೊಕ್ಕ!)
ರಕ್ತ ತಪಾಸಣಿ, ಅದು ಇದು, ಮೂರೂವರಿ.
ಇವತ್ತಿನ ತನಕ ನಲವತ್ತೈದು.

ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ತುಂಬು ಬಿಡಿಸಿದ್ರ
ಕಿಲೋಕ್ಕ ಹನ್ನೆರಡು ರೂಪಾಯಿ.
ಅತ್ತಿ ಸೊಸಿ ಇಬ್ಬರೂ ಕೂತ್ರ ದಿನಕ್ಕ ಐವತ್ತು ಕಿಲೋ.
ಹಂಗಾರ ಎಪ್ಪತ್ತೈದು ದಿನ,
ಉಗುರು ಉಳಿದ್ರ.
ಕೂಸಿನ ತೂಕ ಒಂದು ಕಿಲೋ ನಾನೂರು ಗ್ರಾಂ.
ಅಷ್ಟು ಕಾಯಿ ಬಿಡಿಸಿದ್ರ
ಹದಿನೇಳು ರೂಪಾಯಿನೂ ಬರಂಗಿಲ್ಲ.

ಬೀಡಿ ಕಟ್ಟು ಇಪ್ಪತ್ತು.

ಮೂರು ತಿಂಗಳಿಗೆ ಕಸ್ತೂರಿಗೆ ವಾಕರಿಕಿ ಹತ್ತಿತ್ತು.
ಗೋದಾಮಿನ್ಯಾಗ ಖಾರದ ಘಾಟು,
ಕಣ್ಣಾಗ ನೀರು ನಿಲ್ಲವಲ್ದು, ಹೊಟ್ಟ್ಯಾಗ ನೀರು ನಿಲ್ಲವಲ್ದು.
ಕೂಲಿ ತಪ್ಪಿದ್ರ ಹೆಂಗ?
ಚೀಲದ ಮರಿಗೆ ಕುಂದ್ರಿಸಿ ನಾನ ಹಚ್ಚಿ ಕೊಟ್ಟೆ:
“ಎರಡು ದಮ್ಮು ಎಳಿ, ನಿಲ್ತೈತಿ.
ನಂಗೂ ನಮ್ಮತ್ತಿ ಹಿಂಗ ಕೊಟ್ಟಿದ್ಲು.”
ನಿಂತಿತು. ಅದ ನೋಡ್ರಿ, ನಿಂತಿತು.
ಆಮ್ಯಾಲ ದಿನಾ ನಾಕು,
ಆಮ್ಯಾಲ ಕೇಳದ, ನನ್ನ ಸಂಚ್ಯಾಗ ಕೈ ಹಾಕಿ.

ಡಾಕ್ಟರ್ ಹುಡುಗಿ ಪಟ್ಟಿ ಹಿಡಕೊಂಡು ಕೇಳಿದ್ಲು,
“ಬಸುರಿದ್ದಾಗ ಬೀಡಿ, ತಂಬಾಕ, ಏನರ?”
ಮೈಲಾರಿ ಸಿಟ್ಟಿಗೆದ್ದ:
“ನಮ್ಮ ಮನಿ ಹೆಣ್ಮಕ್ಕಳು ಅಂಥವರಲ್ಲ.”
ನನ್ನ ಬೀಡಿ ಅವಗ ಗೊತ್ತಿಲ್ಲೇನು? ಗೊತ್ತೈತಿ.
ಅವನ ಲೆಕ್ಕದಾಗ ನಾ ಹೆಣ್ಣಲ್ಲ, ಅವ್ವ.
ಕಸ್ತೂರಿ ಸೆರಗು ಬಾಯಿಗೊತ್ತಿ ಗ್ವಾಡಿ ನೋಡಿದ್ಲು.
ಇಲ್ಲ ಅಂತ ಬರಕೊಂಡಳು ಹುಡುಗಿ.

ಮೈಲಾರಿನೂ ಹಿಂಗ ಹುಟ್ಟಿದ್ದ, ಇಲಿಮರಿ ಹಂಗ.
ತೂಗಿದವರಿಲ್ಲ.
ಅರಳ್ಯಾಗ ಸುತ್ತಿ ಒಲಿ ಬಾಜೂಕ ಇಟ್ವಿ, ಉಳದ.
ಅವನಕಿಂತ ಮುಂಚೆ ಒಂದು ಹೆಣ್ಣು.
ಒಂಬತ್ತು ದಿನ ಇತ್ತು.
ಶೆಟಿಗೆವ್ವ ಅಷ್ಟ ಬರದಿದ್ಲು ಅಂದ್ರು.
ನಂಬಿದೆ. ಮೂವತ್ತೊಂದು ವರ್ಷ ನಂಬಿದೆ.
ಅದರ ಬಿಲ್ಲು ಯಾರೂ ನನ್ನ ಕೈಯಾಗ ಕೊಡಲಿಲ್ಲ.
ಹಂಗಂತ ಪುಕ್ಕಟಿ ಆಗಿತ್ತೇನು?

ಕೌಂಟರಿನ್ಯಾಗ ಪೆನ್ನು ದಾರಕ್ಕ ಕಟ್ಟ್ಯಾರ.
ಕೂಸಿನ ತಲಿದೆಸಿಗೆ ಇಡಾಕ ಒಂದು ರಾತ್ರಿ ಕೊಡಪಾ ಅಂದೆ.
“ಬಿಚ್ಚಂಗಿಲ್ಲ ಅಜ್ಜಿ” ಅಂದ ಹುಡುಗ.
ಅಲ್ಲಿಂದ ಸೀದಾ ಹೋಗಿ
ಕುರ್ಚ್ಯಾಗ ತೂಕಡಸಾಕ್ಹತ್ತಿದ್ದ ಡಾಕ್ಟರ್ ಹುಡುಗಿನ್ನ ಎಬ್ಬಿಸಿದೆ.
“ಆ ಇಲ್ಲ ಅನ್ನೂದನ್ನ ಹೊಡದ ಹಾಕು ಯವ್ವಾ.
ಹೌದು ಅಂತ ಬರಿ.
ಕೊಟ್ಟಾಕಿ ಗಿರಿಯವ್ವ ಅಂತನೂ ಬರಿ.”
ಅದಕ್ಕ ಪಟ್ಟ್ಯಾಗ ಜಾಗ ಇರಲಿಲ್ಲ.
ಅಂಚಿನ್ಯಾಗ ಸಣ್ಣಗ ಬರದಳು.

ತಿರುಗಿ ಬಂದು ಬಾಗಿಲ ಗಾಜಿಗೆ ಹಣಿ ಹಚ್ಚಿ ನಿಂತೆ.
ಕೈ ತಾನ ಸಂಚಿಗೆ ಹೋತು.
ಕಟ್ಟಿನ್ಯಾಗ ಇನ್ನೂ ಏಳು ಇದ್ದವು.
ಕೈ ಒಳಗ ಬಿಟ್ಟು
ಕೂಸಿನ ಎದಿ ಏಳೂದು ಎಣಿಸಿದೆ.
ಹನ್ನೊಂದಕ್ಕ ಒಮ್ಮೆ ತಪ್ಪಿತು,
ಮತ್ತ ಒಂದರಿಂದ ಹಿಡದೆ.