ಚಾರ್ಜ್ ಹಸ್ತಾಂತರ

ಬೀಗದ ಕೈ ಹದಿನೇಳು, ಗೊಂಚಲಲ್ಲಿವೆ.
ಡೀಸೆಲ್ ಬಂಕಿನದಕ್ಕೆ ಕೆಂಪು ದಾರ ಕಟ್ಟಿದ್ದೇನೆ.
ಬಸ್ಸು ನೂರಾ ನಲವತ್ತೆರಡು, ಅದರಲ್ಲಿ ಒಂಬತ್ತು
ಬೆಳಗ್ಗೆ ನಾಲ್ಕು ಜನ ತಳ್ಳಿದರೇ ಏಳುವಂಥವು.
ಎಲ್ಲ ರಿಜಿಸ್ಟರಿನಲ್ಲಿದೆ. ರುಜು ಹಾಕಿ,
ಕಾಫಿ ಹೇಳಿದ್ದೇನೆ, ಬರುತ್ತದೆ.

ರಿಜಿಸ್ಟರಿನಲ್ಲಿ ಇಲ್ಲದ್ದನ್ನು ಈ ಹಾಳೆಯಲ್ಲಿ ಬರೆದಿದ್ದೇನೆ.

ನಾನು ಬಂದ ಹೊಸತರಲ್ಲಿ
ಈ ಮೇಜಿನಿಂದ ತಿಂಗಳಿಗೆ ಇನ್ನೂರು ಮೆಮೊ ಹೊರಟವು.
ತಡವಾದರೆ ಮೆಮೊ, ಟ್ರಿಪ್ಪು ತಪ್ಪಿದರೆ ಮೆಮೊ,
ಯಾಕೆ ಸ್ವಾಮಿ ಅಂದರೆ ಅದಕ್ಕೊಂದು ಮೆಮೊ.
ಗಟ್ಟಿ ಮನುಷ್ಯ ಎಂದರಂತೆ ಕೇಂದ್ರ ಕಚೇರಿಯಲ್ಲಿ.
ಆ ಮಾತನ್ನು ಮನೆಗೆ ಒಯ್ದು ಹೆಂಡತಿಗೆ ಒಪ್ಪಿಸಿದೆ.
ಅವಳು ಸಾರು ಬಡಿಸುತ್ತ
ಹೂಂ ಅಂದಳು, ಅಷ್ಟೆ.

ಆಮೇಲೆ ಆ ಬಾಟಲಿ.
ಕಂಡಕ್ಟರ್ ಹೊನ್ನೂರಮ್ಮ, ಸಿರಗುಪ್ಪದ ಕಡೆಯವಳು,
ಮಧ್ಯಾಹ್ನ ಕ್ಯಾಷ್ ಕಟ್ಟಲು ಬಂದು
ಚೀಲ ಬರಿದು ಮಾಡಿದಾಗ ಉರುಳಿ ಬಂತು.
ಬೆಳಗಿನ ಐದೂವರೆಗೆ ತುಂಬಿದ ನೀರು
ಕತ್ತಿನವರೆಗೂ ಹಾಗೇ ಇತ್ತು.
ಏಪ್ರಿಲ್ ತಿಂಗಳು.
ಕುಡೀಲಿಲ್ವೇನಮ್ಮ?
ಅವಳು ಚಿಲ್ಲರೆ ಎಣಿಸುತ್ತ, ತಲೆ ಎತ್ತದೆ:
ಕುಡದ್ರ ಹೋಗಬೇಕಾಗ್ತದ ಸರ್. ಎಲ್ಲಿಗಂತ ಹೋಗ್ಲಿ?

ಹತ್ತೊಂಬತ್ತು ವರ್ಷದ ಸರ್ವಿಸು ನನ್ನದು.
ಆ ಎಲ್ಲಿಗೆ ಎಂಬ ಊರಿಗೆ
ನಮ್ಮ ಯಾವ ಬೋರ್ಡೂ ಇರಲಿಲ್ಲ.

ಮರುದಿನ ಜೀಪು ಬಿಟ್ಟು, ಟಿಕೆಟ್ ಕೊಂಡು,
ಅವಳ ಬಸ್ಸಿನಲ್ಲೇ ಹಿಂದಿನ ಸೀಟಿನಲ್ಲಿ ಕೂತೆ.
ಸಿಲ್ಕ್ ಬೋರ್ಡಿನಲ್ಲಿ ನಲವತ್ತು ನಿಮಿಷ.
ಫಾರಂ ನಾಲ್ಕರಲ್ಲಿ ಅಷ್ಟು ದಾರಿಗೆ ಆರು.
ಆ ಆರನ್ನು ಬರೆದ ಪುಣ್ಯಾತ್ಮ ಯಾರೋ,
ಆಗ ಅಲ್ಲಿ ಹೊಂಗೆ ಮರಗಳಿದ್ದಿರಬೇಕು,
ಗಾಡಿಗಿಂತ ನೆರಳು ಹೆಚ್ಚಿದ್ದಿರಬೇಕು.
ಡ್ರೈವರ್ ಬಸಲಿಂಗ ತಪ್ಪಿದ ನಿಮಿಷಗಳನ್ನು ಕೂಡಿಸಲು
ಊಟದಿಂದ ಹತ್ತು ತೆಗೆದ, ಟೀಯಿಂದ ಮೂರು,
ಉಳಿದದ್ದನ್ನು ಬೆನ್ನುಮೂಳೆಯಿಂದ.
ಕೊನೆಯ ಸ್ಟಾಪಿನಲ್ಲಿ ಒಂದು ಎಳನೀರು ಗಾಡಿ,
ಒಂದು ಗೋಡೆ.
ಗೋಡೆ ಗಂಡಸರಿಗಾಯಿತು.

ದೊಡ್ಡದೇನೂ ಮಾಡಿದವನಲ್ಲ ನಾನು, ತಪ್ಪು ತಿಳಿಯಬೇಡಿ.
ಕಡತ ಕಳಿಸಿದೆ, ಕಡತ ಷರಾ ಹೊತ್ತು ವಾಪಸು ಬಂತು.
ಕೊನೆಗೆ ಸ್ಟಾಪಿನೆದುರಿನ ಕಲ್ಯಾಣ ಮಂಟಪದವರ
ಕೈಕಾಲು ಹಿಡಿದು ಹಿಂಬಾಗಿಲ ಕೀ ಒಂದನ್ನು ತಂದೆ.
ಅದು ಹದಿನೆಂಟನೆಯದು.
ಗೊಂಚಲಲ್ಲಿ ಹುಡುಕಬೇಡಿ, ಹೊನ್ನೂರಮ್ಮನ ಹತ್ತಿರ ಇದೆ,
ವಾಪಸೂ ಕೇಳಬೇಡಿ.

ಮತ್ತೆ, ಮೆಮೊ ಬರೆಯುವ ಮುಂಚೆ
ಊಟ ಆಯ್ತಾ ಎಂದು ಕೇಳುವ ಚಟ ಅಂಟಿಸಿಕೊಂಡೆ.
ಎಲ್ಲರೂ ನಿಜ ಹೇಳಿದರು ಅನ್ನಲಾರೆ.
ಒಬ್ಬ, ಹೆಸರು ಬೇಡ,
ಒಂದೇ ವರ್ಷದಲ್ಲಿ ಒಬ್ಬಳೇ ಅತ್ತೆಯನ್ನು
ಎರಡು ಸಲ ಸಾಯಿಸಿ ರಜೆ ಪಡೆದ.
ಮೋಸ ಹೋದೆ. ಟೈರು ಸವೆದ ಹಾಗೆ ಇದೂ ಒಂದು,
ಡಿಪೊ ಖರ್ಚು ಅಂದುಕೊಂಡೆ.

ಫಾರಂ ನಾಲ್ಕನ್ನು ನಾನೇ ತಿದ್ದಿ ಬರೆದೆ.
ಟ್ರಿಪ್ಪು ಒಂದು ಕಡಿಮೆಯಾಯಿತು, ಆದಾಯ ಇಳಿಯಿತು,
ಈ ಸಲ ಮೆಮೊ ನನ್ನ ಹೆಸರಿಗೇ ಬಂತು.
ಎಡಗಡೆ ಡ್ರಾಯರಿನಲ್ಲಿದೆ, ಓದಿ.
ಭಾಷೆ ಚೆನ್ನಾಗಿದೆ, ನನ್ನದೇ ಹಳೆಯ ಭಾಷೆ.
ವರ್ಗವೂ ಅದರ ಬೆನ್ನಿಗೇ.
ಹಳೆಯ ಫಾರಂ ಬೀರುವಿನಲ್ಲಿದೆ, ಹೊಸದು ಗೋಡೆಯ ಮೇಲೆ.
ಯಾವುದನ್ನು ಉಳಿಸುವುದು ನಿಮ್ಮ ರುಜುವಿಗೆ ಬಿಟ್ಟದ್ದು.

ಹಾಂ, ಕಾಫಿ ಬಂತು.

ಒಂದು ಮಾತು, ಮೊಳಕೈ ನೋಡಿಕೊಳ್ಳಿ.
ಮೇಜಿನ ಗಾಜು ಅಲ್ಲಿ ಒದ್ದೆಯಾಗಿದೆ.
ನೀವು ಬರುವ ಮುಂಚೆ ಈಗಷ್ಟೆ
ಹೊನ್ನೂರಮ್ಮ ಬಂದು, ಏನೂ ಹೇಳದೆ,
ಬಾಟಲಿಯನ್ನು ಬೋರಲು ಹಾಕಿ ತೋರಿಸಿ ಹೋದಳು.
ಎರಡೇ ಹನಿ ಬಿದ್ದವು.
ಒರೆಸಿಲ್ಲ.