ಅಂಬಿಗನ ಕೂಲಿ

ಐದನೆಯ ಎಲೆಗೆ ಇಲ್ಲಿ ಹೊಳೆ ಅನ್ನುತ್ತಾರೆ.
ಯಾಕೋ ಗೊತ್ತಿಲ್ಲ. ಬ್ಯೂಟ್ ಊರಲ್ಲಿ ನೀರೆಂದರೆ
ಹಳೆಯ ಗಣಿಯಲ್ಲಿ ನಿಂತ ತಾಮ್ರದ ಕೆಂಪು.
ಇಳಿದ ಬಾತು ಏಳುವುದಿಲ್ಲ.

ಇವತ್ತು ಹೊಳೆಯಾಗಿ ಬಂದದ್ದು ಕಳಾವರ್ ಎರಡು.
ಯಾರಿಗೂ ಬೇಡದ ಎಲೆ.
ಕರೆಯದ ಮದುವೆಗೆ ಬಂದವನ ಹಾಗೆ
ಬಾಗಿಲ ಬಳಿಯೇ ನಿಂತುಕೊಂಡಿತು.

ಮೇಜಿನ ಮೇಲೆ ರಾಜನಿದ್ದಾನೆ, ಆಟೀನಿನವನು.
ಒಂಬತ್ತು, ನಾಲ್ಕು, ಏಳು: ಒಬ್ಬರಿಗೊಬ್ಬರು ಆಗದ ಮಂದಿ.
ನನ್ನ ಕೈಯಲ್ಲಿ ಇನ್ನೊಬ್ಬ ರಾಜ,
ಅವನ ಬೆನ್ನಿಗೆ ಬರೀ ಹತ್ತು.
ಗೆಲ್ಲುವ ಕೈ ಅನ್ನಬಹುದು,
ಗಂಟಲೆತ್ತಿ ಅನ್ನುವ ಹಾಗಿಲ್ಲ.

ಎದುರಿಗೆ ಡೂಷನ್ ರಾಡುಲೊವಿಚ್.
ಬೆಸುಗೆ ಹಾಕಿ ಹಾಕಿ ಹುಬ್ಬು ಸುಟ್ಟುಕೊಂಡವನು,
ಈಗ ಊರವರ ಗಡಿಯಾರ ಬಿಚ್ಚಿ ಕೂಡಿಸುತ್ತಾನೆ.
ಎರಡು ಸಲ ನಾನು ಕಟ್ಟಿದೆ, ಎರಡು ಸಲವೂ ಸರಿಗಟ್ಟಿದ.
ಈಗ ಎರಡೇ ಬೆರಳಲ್ಲಿ ಮೇಜು ತಟ್ಟಿದ:
ನನ್ನದೇನಿಲ್ಲ, ನಿನ್ನದು ಹೇಳು.

ನಡುವೆ ನೂರಾ ಹತ್ತು ಡಾಲರು.
ನಾನೂ ತಟ್ಟಿದರೆ ಮುಗಿಯಿತು.
ಎಲೆ ತಿರುವಿ, ಬಾಚಿಕೊಂಡು, ಮನೆಗೆ.
ಹೊರಗೆ ಸೊನ್ನೆಗಿಂತ ಇಪ್ಪತ್ತು ಕೆಳಗೆ,
ಟ್ರಕ್ಕಿನ ಬ್ಯಾಟರಿಗೆ ಕಂಬಳಿ ಹೊದಿಸಿ ಬಂದಿದ್ದೇನೆ.

ಹೊಸಬರು ಕೇಳಿಕೊಳ್ಳುವುದು, ನಾನು ಮುಂದಿದ್ದೇನೆಯೇ?
ಅದಲ್ಲ ಕೇಳಬೇಕಾದ್ದು.
ನನಗಿಂತ ಕೆಳಗಿದ್ದೂ
ದುಡ್ಡು ಕೊಟ್ಟು ನೋಡುವ ಕೈ ಯಾವುದು?
ರಾಜ-ಎಂಟು ಕೊಟ್ಟೀತು, ಗೊಣಗುತ್ತ.
ಒಂಬತ್ತರ ಜೋಡಿ ಕೊಟ್ಟೀತು, ಬೆಲೆ ಸಣ್ಣದಾದರೆ.
ರಾಜ-ರಾಣಿ ಇದ್ದಿದ್ದರೆ ಈ ಡೂಷನ್
ಆಗಲೇ ಕೆಮ್ಮಿ ಏರಿಸಿರುತ್ತಿದ್ದ.
ಒಂಬತ್ತೂ ಏಳೂ ಎರಡೂ ಇದ್ದರೆ?
ಇದ್ದರೆ ಇರಲಿ. ಕೊಟ್ಟು ನೋಡುವವರಲ್ಲಿ
ಅರ್ಧಕ್ಕಿಂತ ಒಬ್ಬ ಹೆಚ್ಚು ಸೋತರೆ ಸಾಕು ನನಗೆ.

ಇಷ್ಟು ಗೊತ್ತಿದ್ದೂ ಕೈ ಮುಂದೆ ಹೋಗದು.
ಈ ಹಿಂಜರಿಕೆ ಹಳೆಯ ಪರಿಚಯ.
ಅದಿರಿನ ಲಾರಿ ಇಪ್ಪತ್ತಾರು ವರ್ಷ ಓಡಿಸಿ
ಕೆಲಸ ಬಿಡುವ ದಿನ, ಕಂಪನಿಯ ಹುಡುಗಿ
ಒಂದು ಹಾಳೆ ನನ್ನತ್ತ ಸರಿಸಿ ಸುಮ್ಮನಾದಳು.
ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ತೆಗೆದಳು.
ನಾನು ರುಜು ಹಾಕಿದೆ. ಥ್ಯಾಂಕ್ಸ್ ಬೇರೆ ಹೇಳಿದೆ.
ಅವಳು ಅವತ್ತು ಮೇಜು ತಟ್ಟುತ್ತಿದ್ದಳೆಂದು
ತಿಳಿದದ್ದು ಹನ್ನೊಂದು ತಿಂಗಳಾದ ಮೇಲೆ,
ಬೇಕರಿಯ ಸಾಲಿನಲ್ಲಿ. ನನ್ನಷ್ಟೇ ಓಡಿಸಿದ
ಗ್ಲೆನಿಸ್ ಟ್ರೆಂಬಾತ್ ತನಗೆ ಬಂದದ್ದು ಹೇಳಿದಳು.
ಎಂಟು ಸಾವಿರ ಹೆಚ್ಚು.
"ನೀನು ಕೇಳಲೇ ಇಲ್ಲವಾ, ಲೆಂಪಿ?"

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು.
ಕೂಲಿ ಕೇಳುವುದಾದರೆ
ದೋಣಿ ನಡುನೀರಲ್ಲಿರುವಾಗ ಕೇಳಬೇಕು.

ಎಷ್ಟು? ಇಪ್ಪತ್ತು ಅಂದರೆ ಬೇಡಿದ ಹಾಗೆ.
ಎಂಬತ್ತು ಅಂದರೆ ಒಂಬತ್ತು ಓಡಿಹೋದೀತು.
ಏಳು ಕೆಂಪು ಬಿಲ್ಲೆ ಎಣಿಸಿ ಮುಂದಿಟ್ಟೆ.
ಮೂವತ್ತೈದು.
"ಸುಳ್ಳಾ?" ಅಂದ ಡೂಷನ್.
ನಾನು ಕಳಾವರ್ ಎರಡನ್ನೇ ನೋಡುತ್ತಿದ್ದೆ.

ಕೊಟ್ಟುಬಿಟ್ಟ. ಉಸಿರೆಳೆಯುವಷ್ಟೂ ತಡಮಾಡದೆ.
ಅವನದು ಒಂಬತ್ತು-ಎಂಟು. ನನ್ನ ರಾಜನನ್ನು ನೋಡಿ
ಗೊತ್ತಿತ್ತು ಎಂಬಂತೆ ತಲೆಯಾಡಿಸಿದ.
ಗೊತ್ತಿದ್ದೂ ಕೊಡುತ್ತಾರೆ ಜನ,
ನೋಡದೆ ಮಲಗಿದರೆ ನಿದ್ದೆ ಬಾರದೆಂದು.

ನೂರಾ ಎಂಬತ್ತನ್ನು ಎದೆಯತ್ತ ಎಳೆದುಕೊಳ್ಳುವಾಗ
ಕಂಡದ್ದು ಬಾರದ ಹದಿನೈದು ಮಾತ್ರ.
ಅಷ್ಟು ಬೇಗ ಕೊಟ್ಟವನು ಐವತ್ತೂ ಕೊಡುತ್ತಿದ್ದ.

ಕೋಟು ಹಾಕಿಕೊಳ್ಳುತ್ತ ಡೂಷನ್ ಹೇಳಿದ:
ನಿನ್ನಮ್ಮನ ಗಡಿಯಾರ ನಡೆಯುತ್ತಿದೆ, ಕಾರಲ್ಲಿದೆ, ಒಯ್ಯಿ.
ಎಷ್ಟಾಯಿತು, ಅಂದೆ.
ನನ್ನ ಬಿಲ್ಲೆಗಳನ್ನು ನೋಡಿದ. ನನ್ನನ್ನು ನೋಡಿದ.
ಸುಟ್ಟ ಹುಬ್ಬನ್ನು ಒಮ್ಮೆ ಉಜ್ಜಿಕೊಂಡು
"ನಲವತ್ತು" ಅಂದ.

ಅಲ್ಲೇ ಎಣಿಸಿ ಕೊಟ್ಟೆ, ಚೌಕಾಸಿಯಿಲ್ಲದೆ.
ಅವನ ಮುಖ ಸ್ವಲ್ಪ ಬಾಡಿತು.